ತಲೆಗೂದಲಿನ ಕಂದಾಯ

2024ರ ಬೇಸಿಗೆಯಲ್ಲಿ ನಾವೊಂದು ತಪ್ಪು ಮಾಡಿದೆವು. ಅದನ್ನು ಮೊದಲು ಒಪ್ಪಿಕೊಳ್ಳದೆ ಈ ವಿಷಯದ ಬಗ್ಗೆ ಮಾತಾಡುವ ಯೋಗ್ಯತೆ ನಮಗಿಲ್ಲ.

ಕೊಪ್ಪಳದ ಹತ್ತಿರ ಒಂದು ಹಳ್ಳಿಯಲ್ಲಿ ಎರಡು ದಿನದ ಅಧ್ಯಯನ ಶಿಬಿರ. ರಾತ್ರಿ ರೊಟ್ಟಿ ಊಟ ಮುಗಿದ ಮೇಲೆ ಸಾಲಿಗುಡಿಯ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆವು. ನಾಲ್ಕೈದು ವರ್ಷದಿಂದ ನಮ್ಮ ಜೊತೆಗಿದ್ದ ಗೆಳೆಯನೊಬ್ಬ ಚೀಲ ಹೆಗಲಿಗೇರಿಸಿಕೊಂಡು ಹೊರಟು ನಿಂತ. ಅವನು ಸರಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕ. ವಯಸ್ಸು ಇಪ್ಪತ್ತೊಂಬತ್ತು. ಆ ಹೊತ್ತಿನಲ್ಲಿ ಬಸ್ಸಿಲ್ಲ. ಯಾಕೆ ಹೊರಟೆ ಎಂದರೆ ಬಾಯಿ ಬಿಡಲಿಲ್ಲ. ಆಗ ನಮ್ಮಲ್ಲೇ ಒಬ್ಬ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಸರಿಗೆ ದಿಂಬಿನ ಮ್ಯಾಲ ತಲಿ ಇಡಾಕ ಅಂಜಿಕಿ. ಮುಂಜಾನಿ ಎದ್ದರ ಅರ್ಧ ತಲಿ ಅಲ್ಲೇ ಉಳದೀತು ಅಂತ!”

ನಾವೆಲ್ಲ ನಕ್ಕೆವು. ಅವನು ತಲೆಗೆ ಟೋಪನ್ನು ಹಾಕಿಸಿಕೊಂಡ ಸುದ್ದಿ ನಮಗೆಲ್ಲ ಮೊದಲೇ ಗೊತ್ತಿತ್ತು. ಅಷ್ಟಕ್ಕೇ ನಿಲ್ಲಿಸದೆ, ಇನ್ನೊಬ್ಬರು ಸರಳತೆಯ ಬಗ್ಗೆ, ಕಾರ್ಯಕರ್ತನಾದವನು ಶೋಕಿ ಬಿಡಬೇಕಾದ ಬಗ್ಗೆ ಹತ್ತು ನಿಮಿಷ ಉಪದೇಶವನ್ನೂ ಮಾಡಿದರು. ಅವನು ನಿಂತೇ ಕೇಳಿದ. ಆಮೇಲೆ ಕತ್ತಲಲ್ಲಿ ನಡೆದುಕೊಂಡು ಹೋದ. ಮುಂದಿನ ಮೂರು ತಿಂಗಳು ನಮ್ಮ ಯಾವ ಸಭೆಗೂ ಬರಲಿಲ್ಲ.

ಜುಲೈನಲ್ಲಿ ನಾವೇ ಅವನ ಮನೆಗೆ ಹೋದೆವು. ಅವ್ವ ಚಹಾ ಕೊಟ್ಟಳು. ಅವನು ಜಗಳ ಮಾಡಲಿಲ್ಲ, ಅಳಲೂ ಇಲ್ಲ. ಒಳಗಿನಿಂದ ಒಂದು ನೋಟುಬುಕ್ಕು ತಂದು ಮುಂದಿಟ್ಟ. “ಶೋಕಿ ಅಂದ್ರೆಲ್ಲ, ಇದು ನೋಡ್ರಿ. ಎಷ್ಟಕ್ಕ ಬಿತ್ತು ನನ್ನ ಶೋಕಿ” ಅಂದ.

*

ಆ ನೋಟುಬುಕ್ಕಿನ ಲೆಕ್ಕವನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಕೊಡುತ್ತಿದ್ದೇವೆ. 2023ರ ಜೂನ್‌ನಿಂದ 2024ರ ಮೇವರೆಗಿನ ಲೆಕ್ಕ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ತಲೆಯ ಅಳತೆ ತೆಗೆದು ಕೂರಿಸಿದ ಕೂದಲಿನ ಪ್ಯಾಚು: 16,000 ರೂಪಾಯಿ. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ, ಅಡಿಯ ಚರ್ಮ ತೊಳೆದು, ಬೆಳೆದ ಕೂದಲು ಬೋಳಿಸಿ, ಮತ್ತೆ ಅಂಟಿಸುವ ಸರ್ವೀಸು: 700 ರೂಪಾಯಿಯಂತೆ ವರ್ಷಕ್ಕೆ 8,400. ಹುಬ್ಬಳ್ಳಿಗೆ ಹೋಗಿ ಬರುವ ಬಸ್ ಚಾರ್ಜು: 300ರಂತೆ 3,600. ಅಂಟು, ಎರಡು ಕಡೆ ಅಂಟುವ ಟೇಪು, ಅಂಟು ಬಿಡಿಸುವ ದ್ರವ, ಬೇರೆಯದೇ ಶಾಂಪು: ತಿಂಗಳಿಗೆ 300ರಂತೆ 3,600. ಒಟ್ಟು 31,600 ರೂಪಾಯಿ.

ಇನ್ನು ಅವನ ಆದಾಯ. ಆ ವರ್ಷ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಸರಕಾರ ಕೊಡುತ್ತಿದ್ದ ಗೌರವಧನ ತಿಂಗಳಿಗೆ 10,000. ರಜೆಯ ತಿಂಗಳು ಅದೂ ಇಲ್ಲ. ಹತ್ತು ತಿಂಗಳು ಎಂದು ಹಿಡಿದರೂ ಒಂದು ಲಕ್ಷ. ಅದೂ ಆಯಾ ತಿಂಗಳು ಕೈಗೆ ಬರುವ ಹಣವಲ್ಲ. ಹಾಗಾದರೆ ಅವನು ದುಡಿದ ಪ್ರತಿ ನೂರು ರೂಪಾಯಿಯಲ್ಲಿ ಹೆಚ್ಚುಕಡಿಮೆ ಮೂವತ್ತೆರಡು ರೂಪಾಯಿ ತಲೆಯ ಮೇಲೆಯೇ ಹೋಯಿತು. ಇದು ಒಮ್ಮೆ ಕೊಟ್ಟು ಮುಗಿಸುವ ಸಾಲವೂ ಅಲ್ಲ. ಬೆವರು, ಅಂಟು, ಬಾಚಣಿಗೆ ಇವುಗಳಿಗೆ ಸಿಕ್ಕಿ ಆ ತೆಳ್ಳನೆಯ ಜಾಳಿಗೆ ಸವೆಯುತ್ತದೆ. ಬೇರಿನಿಂದ ಎಣ್ಣೆಯಂಶ ಸಿಗದ ಕೂದಲು ಒಣಗಿ, ಬಣ್ಣ ಕೆಟ್ಟು, ಉದುರುತ್ತದೆ. ಜೋಪಾನ ಮಾಡಿದರೂ ವರ್ಷಕ್ಕೊಮ್ಮೆ ಹೊಸದು ಬೇಕು. ಹತ್ತು ವರ್ಷ ಇದೇ ದರದಲ್ಲಿ ಹೋದರೆ ಮೂರು ಲಕ್ಷ ಹದಿನಾರು ಸಾವಿರ. ನಮ್ಮ ಕೇರಿಯಲ್ಲಿ ಒಂದು ಮನೆಯ ಗೋಡೆ ಎಬ್ಬಿಸಿ ಸೂರು ಹಾಕಿಸುವ ಹಣ.

ನೋಟುಬುಕ್ಕಿನಲ್ಲಿ ಬರೆಯದ ಖರ್ಚು ಬೇರೆ ಇದೆ. ಅದನ್ನು ಅವನು ಬಾಯಲ್ಲಿ ಹೇಳಿದ. ಕೆರೆಗೆ ಈಜಲು ಹೋಗುವುದು ಬಿಟ್ಟ. ಮೋಟರ್ ಸೈಕಲ್ಲಿನ ಹಿಂದೆ ಕೂತರೆ ಒಂದು ಕೈ ಸದಾ ಹಣೆಯ ಮೇಲೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಅಂಟಿನ ಅಡಿಯ ಚರ್ಮ ಕೆರೆದು ಹುಣ್ಣಾದರೂ ಮಕ್ಕಳ ಮುಂದೆ ಕೆರೆಯುವಂತಿಲ್ಲ. ಮದುವೆಗೆ ಹೋದರೆ ರಾತ್ರಿ ಉಳಿಯುವಂತಿಲ್ಲ. ಶಿಬಿರಕ್ಕೆ ಬಂದರೆ ಮಲಗುವಂತಿಲ್ಲ. “ಕೂದಲಿಗೆ ಕೊಟ್ಟ ರೊಕ್ಕ ಹೋಗ್ಲಿ ಬಿಡ್ರಿ. ನಿದ್ದಿ ಹೋತಲ್ಲ” ಅಂದ.

ಇಷ್ಟೆಲ್ಲ ಯಾಕೆ ಎಂದು ನಾವು ಕೇಳಿದಾಗ ಅವನು ಕೊಟ್ಟ ಉತ್ತರ ಹೀಗಿತ್ತು: “ಮೊದಲ ಕೇರಿಯಾಂವ. ಅದರ ಮ್ಯಾಲ ಗೆಸ್ಟ್ ಟೀಚರು. ಇನ್ನ ಬೋಳ್ತಲಿನೂ ಆದ್ರ ಏನು ಉಳೀತು? ಜಾತಿ ನಾ ಬದಲು ಮಾಡಾಕ ಆಗೂದಿಲ್ಲ. ನೌಕರಿ ಖಾಯಂ ಮಾಡೂದು ನನ್ನ ಕೈಯಾಗಿಲ್ಲ. ಇದೊಂದು ರೊಕ್ಕ ಕೊಟ್ರ ಆಗ್ತಿತ್ತು, ಮಾಡಿಸಿದೆ.”

ಈ ಮಾತಿಗೆ ನಮ್ಮ ಹತ್ತು ನಿಮಿಷದ ಉಪದೇಶದಲ್ಲಿ ಉತ್ತರವಿರಲಿಲ್ಲ.

*

ಗೆಳೆಯರೆ, ಟೋಪನ್ನು ಹಾಕಿಕೊಳ್ಳುವುದು ಸುಳ್ಳೇ? ಶಿಬಿರದ ರಾತ್ರಿ ನಮ್ಮ ನಗೆಯ ಹಿಂದೆ ಇದ್ದದ್ದು ಈ ಪ್ರಶ್ನೆ. ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು ಸತ್ಯ, ಮುಚ್ಚಿಡುವುದು ಸುಳ್ಳು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ನಮ್ಮ ಜನಕ್ಕೆ ಮುಚ್ಚಿಡುವುದು ಅಂದರೆ ಏನೆಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

1917ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಪರದೇಶದಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇಡೀ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ಅವರೇ ಇದನ್ನು ಬರೆದಿಟ್ಟಿದ್ದಾರೆ. ಆ ಪಾರ್ಸಿ ಹೆಸರು ಸುಳ್ಳೇ? ಹೌದು ಎನ್ನುವವನು ಮೊದಲು ದೊಣ್ಣೆಯ ಬಗ್ಗೆ ಮಾತಾಡಬೇಕು. ಬಾಬುರಾವ್ ಬಾಗುಲರ ಮರಾಠಿ ಕಥಾಸಂಕಲನ ‘ಜೇವ್ಹಾ ಮೀ ಜಾತ್ ಚೋರಲೀ ಹೋತೀ’ 1963ರಲ್ಲಿ ಬಂತು. ‘ನಾನು ಜಾತಿ ಕದ್ದಾಗ’ ಎಂದು ಅದರ ಅರ್ಥ. ಜಾತಿ ಮುಚ್ಚಿಡುವುದು ‘ಕಳ್ಳತನ’ ಆಗುವುದು ಯಾವ ವ್ಯವಸ್ಥೆಯಲ್ಲಿ ಎಂದು ಆ ಹೆಸರೇ ಕೇಳುತ್ತದೆ. ಈಗಲೂ ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮ ಹುಡುಗರು ಅಡ್ಡಹೆಸರು ನುಂಗಿಕೊಳ್ಳುತ್ತಾರೆ.

ಬೋಳು ತಲೆಯೂ ಜಾತಿಯೂ ಒಂದೇ ಎಂದು ನಾವು ಹೇಳುತ್ತಿಲ್ಲ. ಬೋಳು ತಲೆಯವನನ್ನು ಯಾರೂ ಬಾವಿಯ ಹತ್ತಿರ ತಡೆಯುವುದಿಲ್ಲ. ಮೇಲುಜಾತಿಯ ಬೋಳು ತಲೆ ಗರ್ಭಗುಡಿಯ ಒಳಗೇ ಹೋಗುತ್ತದೆ. ಆದರೆ ಒಂದು ಮಾತು ಎರಡಕ್ಕೂ ಸಲ್ಲುತ್ತದೆ. ನಿಜ ತಿಳಿದ ಕೂಡಲೇ ಎದುರಿನವನು ನಮ್ಮನ್ನು ಕೆಳಗಿಳಿಸುತ್ತಾನೆ ಎನ್ನುವುದಾದರೆ, ಆ ನಿಜವನ್ನು ಅವನ ಕೈಗೆ ಕೊಡುವ ಋಣ ನಮಗಿಲ್ಲ.

ಹಾಗಾದರೆ ಶೋಕಿಯೆ? 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಸೇರಿದ್ದ ನಮ್ಮ ಹೆಣ್ಣುಮಕ್ಕಳಿಗೆ ಅಂಬೇಡ್ಕರರು, ಅಸ್ಪೃಶ್ಯರೆಂದು ಗುರುತು ಹಚ್ಚಲಿಕ್ಕಾಗುವ ಉಡುಗೆ ತೊಡುಗೆಯನ್ನು ಬಿಟ್ಟುಬಿಡಿ, ಸೀರೆ ಉಡುವ ರೀತಿಯನ್ನು ಬದಲಿಸಿ ಎಂದು ಹೇಳಿದರು. ಅವರೇ ಕೋಟು ಬೂಟು ಹಾಕಿದರು. ಅದನ್ನು ಶೋಕಿ ಎಂದು ಹಂಗಿಸಿದವರು ಯಾರೆಂದು ನಮಗೆ ಗೊತ್ತಿದೆ. ಸರಳತೆ ಎನ್ನುವುದು ಉಳ್ಳವನು ಆರಿಸಿಕೊಂಡಾಗ ವ್ರತ. ಇಲ್ಲದವನ ಮೇಲೆ ಹೇರಿದಾಗ ಅದು ಬಡತನದ ಇನ್ನೊಂದು ಹೆಸರು. ಆ ರಾತ್ರಿ ನಾವು ಕೊಟ್ಟ ಉಪದೇಶ ಎರಡನೆಯ ಬಗೆಯದು.

*

ಒಂದೇ ಬೋಳು ತಲೆ ಬೇರೆ ಬೇರೆ ಹೆಗಲ ಮೇಲೆ ಬೇರೆ ಬೇರೆ ಬೆಲೆ ಪಡೆಯುವುದನ್ನು ಗಮನಿಸಬೇಕು. ಸ್ವಾಮಿಗಳ ತಲೆ ಬೋಳಾದರೆ ಅದು ವೈರಾಗ್ಯ, ಜನ ಅಡ್ಡಬೀಳುತ್ತಾರೆ. ಬುದ್ಧ ತಾನೇ ಕೂದಲು ತೆಗೆದುಹಾಕಿದ, ಅವನ ಭಿಕ್ಷುಗಳೂ ತೆಗೆದರು. ಅದು ಬಿಡುಗಡೆಯ ಗುರುತು. ವಿಧವೆಯ ತಲೆಯನ್ನು ಬೋಳಿಸಿದರು. ಅದು ಸೆರೆಮನೆಯ ಗುರುತು. 1890ರ ಸುಮಾರಿಗೆ ಮುಂಬಯಿಯಲ್ಲಿ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆಯವರು ಕ್ಷೌರಿಕರನ್ನು ಸಂಘಟಿಸಿದರು. ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಆ ಕ್ಷೌರಿಕರು ನಿರ್ಧರಿಸಿದರು. ಶಾಸ್ತ್ರ ಬರೆದವರು ನಾಚಿಕೊಳ್ಳಲಿಲ್ಲ. ಕತ್ತಿ ಹಿಡಿದು ದುಡಿಯುವವರು ನಾಚಿಕೊಂಡು ಕತ್ತಿ ಕೆಳಗಿಟ್ಟರು.

ಟೋಪನ್ನಿನ ಕಥೆಯೂ ಹಾಗೆಯೇ. ಯುರೋಪಿನ ಸಿರಿವಂತರು ಒಂದು ಕಾಲಕ್ಕೆ ಟೋಪನ್ನು ಹಾಕಿದ್ದು ಅಡಗಿಸಲಿಕ್ಕಲ್ಲ, ಮೆರೆಯಲಿಕ್ಕೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ರಾಜ ಹಾಕಿದ, ಆಸ್ಥಾನವೆಲ್ಲ ಹಾಕಿತು. ಕೂದಲಿಗೆ ಹಚ್ಚುವ ಪುಡಿಯ ಮೇಲೆ ಇಂಗ್ಲೆಂಡಿನ ಸರಕಾರ 1795ರಲ್ಲಿ ವರ್ಷಕ್ಕೆ ಒಂದು ಗಿನಿಯ ತೆರಿಗೆ ಹಾಕಿತು. ಕೊಡುವ ತಾಕತ್ತಿದ್ದವರು ಕೊಟ್ಟು ಮೆರೆದರು. ಅಂದು ಎಲ್ಲರಿಗೂ ಕಾಣಲೆಂದು ಹಾಕಿದ್ದನ್ನು ಇಂದು ಯಾರಿಗೂ ಕಾಣಬಾರದೆಂದು ಹಾಕುತ್ತಾರೆ. ನಾಚಿಕೆ ತಲೆಯಲ್ಲಿ ಹುಟ್ಟುವ ವಸ್ತುವಾಗಿದ್ದರೆ ಹೀಗೆ ಕಾಲಕ್ಕೊಂದು ಥರ ಬದಲಾಗುತ್ತಿರಲಿಲ್ಲ. ಅದನ್ನು ಹೊರಗಿನಿಂದ ತಂದು ತಲೆಯ ಮೇಲೆ ಇಡುತ್ತಾರೆ. ಗಂಡಸಿನ ಬಕ್ಕತಲೆ ಬಹುತೇಕ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರುವ ದೇಹದ ಗುಣ. ಅದಕ್ಕೆ ಪಾಪವೂ ಕಾರಣವಲ್ಲ, ಸೋಮಾರಿತನವೂ ಕಾರಣವಲ್ಲ. ಆದರೂ ಎಣ್ಣೆ ಮಾರುವವನು, ಮಾತ್ರೆ ಮಾರುವವನು, ಪ್ಯಾಚು ಮಾರುವವನು ಮೊದಲು ಮಾರುವುದು ನಾಚಿಕೆಯನ್ನು. ಅದು ಪುಕ್ಕಟೆ ಸಿಗುತ್ತದೆ. ಆಮೇಲಿನದಕ್ಕೆಲ್ಲ ಹಣ.

ಹೆಣ್ಣುಮಕ್ಕಳಿಗೆ ಈ ಕಂದಾಯ ಇನ್ನೂ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಕೂದಲು ತೆಳುವಾದ ಹೆಂಗಸು ಚೌರಿ ಇಟ್ಟು ಹೆಣೆದುಕೊಳ್ಳುತ್ತಾಳೆ. ಅದಕ್ಕೆ ಯಾರೂ ನಗುವುದಿಲ್ಲ. ಆದರೆ ಕ್ಯಾನ್ಸರಿನ ಔಷಧಿಯಿಂದ ಇಡೀ ತಲೆ ಬೋಳಾದವಳಿಗೆ ಚೌರಿ ಸಾಲದು. ಸೆರಗು ಹೊದ್ದು ಕೂತರೆ ಊರು ಅವಳನ್ನು ನೋಡುವುದು ರೋಗಿಯೆಂದಲ್ಲ, ಅಪಶಕುನವೆಂದು. ಅವಳು ಟೋಪನ್ನು ಬೇಕೆಂದರೆ ಅದನ್ನೂ ಶೋಕಿ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

*

ಇನ್ನು ಲೆಕ್ಕದ ಇನ್ನೊಂದು ಮಗ್ಗುಲು. ನೋಟುಬುಕ್ಕು ನೋಡುತ್ತ ಕೂತಾಗ ಅವ್ವ ನಡುವೆ ಬಾಯಿ ಹಾಕಿದಳು. ಅವಳ ಮುಂದೆ ಕೂದಲಿನ ಗಂಟುಗಳ ಒಂದು ಗುಡ್ಡೆ ಇತ್ತು. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಕೂದಲು ಹಸನು ಮಾಡುವ ಊರು. ಸುತ್ತಲಿನ ಅನೇಕ ಹೆಂಗಸರು ಮನೆಯಲ್ಲೇ ಕೂತು ಕಿಲೋ ಲೆಕ್ಕದಲ್ಲಿ ಕೂದಲು ಬಿಡಿಸುತ್ತಾರೆ. ಅವಳೂ ಬಿಡಿಸುತ್ತಾಳೆ. “ಇಂಥಾ ಕೂದಲ ನಾ ದಿನಾ ಬಿಡಸ್ತೀನಿ. ನನಗ ಕಿಲೋಕ್ಕ ಕೊಡೂದು ನಿನಗ ಗೊತ್ತದ. ಅದ ಒಂದ್ ಹಿಡಿ ಕೂದಲಕ್ಕ ನೀ ಹದಿನಾರು ಸಾವಿರ ಕೊಟ್ಟು ಬಂದೀಯಲ್ಲೋ ನನ್ನಪ್ಪಾ” ಅಂದಳು.

ಆ ಹಿಡಿ ಕೂದಲು ಬಂದ ದಾರಿಯನ್ನು ನೋಡೋಣ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ದಿನಕ್ಕೆ ಐವತ್ತರಿಂದ ನೂರು ತಾನಾಗಿ ಉದುರುತ್ತವೆ. ಹೆಂಗಸರು ಬಾಚಣಿಗೆಯಲ್ಲಿ ಉಳಿದದ್ದನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರೆ. ಅಲೆಮಾರಿ ಸಮುದಾಯದವರು ಪಿನ್ನು, ಸೂಜಿ, ಪಾತ್ರೆ ಹೊತ್ತು ಓಣಿ ಓಣಿ ತಿರುಗಿ ಅದಕ್ಕೆ ಬದಲಾಗಿ ಕೊಟ್ಟು ಕೂದಲು ಒಯ್ಯುತ್ತಾರೆ. ಅದು ಧೂಳು, ಹೇನು, ಕಸದ ಸಮೇತ ಮೂಟೆಯಾಗಿ ಬಿಡಿಸುವವರ ಮನೆಗೆ ಬರುತ್ತದೆ. ಅವರು ಗಂಟು ಬಿಡಿಸಿ, ಎಳೆ ಎಳೆ ಬೇರೆ ಮಾಡಿ ಕೊಡುತ್ತಾರೆ. ಆಮೇಲೆ ಮೊಳೆ ಬಡಿದ ಹಲಗೆಯಲ್ಲಿ ಎಳೆದು, ಉದ್ದದ ಪ್ರಕಾರ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಬೇರು ತುದಿ ಹಿಂದುಮುಂದಾದ ಈ ಕೂದಲಿನ ಹೊರಪದರ ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ, ಕಾರ್ಖಾನೆಗಳಲ್ಲಿ ಆಮ್ಲದಲ್ಲಿ ಅದ್ದಿ ಆ ಪದರವನ್ನು ತೆಗೆದು, ಮೇಲೆ ಸಿಲಿಕೋನ್ ಹಚ್ಚಿ ನುಣುಪು ಮಾಡುತ್ತಾರೆ. ಬಹಳಷ್ಟು ಕೂದಲು ಚೀನಕ್ಕೆ ಹೋಗುತ್ತದೆ. ಅಲ್ಲಿ ಮತ್ತೆ ಹೆಣ್ಣುಮಕ್ಕಳೇ ಕೊಕ್ಕೆಸೂಜಿಯಿಂದ ಒಂದೊಂದೇ ಎಳೆಯನ್ನು ಜಾಳಿಗೆಗೆ ಗಂಟು ಹಾಕುತ್ತಾರೆ. ಇಂಥ ಸಾವಿರಾರು ಗಂಟು ಸೇರಿದರೆ ಒಂದು ಟೋಪನ್ನು.

ಇದಕ್ಕಿಂತ ಬೆಲೆಬಾಳುವುದು ತಲೆಯಿಂದ ನೇರ ಬೋಳಿಸಿದ, ಬೇರು ತುದಿ ಒಂದೇ ದಿಕ್ಕಿಗಿರುವ ಉದ್ದ ಕೂದಲು. ಅದು ಹೆಚ್ಚಾಗಿ ಬರುವುದು ದೇವಸ್ಥಾನಗಳಿಂದ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಹರಕೆ ಹೊತ್ತ ಬಡವರ ಮುಡಿ ಉದ್ದದ ಪ್ರಕಾರ ಹರಾಜಾಗುತ್ತದೆ. ಅದರಿಂದ ದೇವಸ್ಥಾನಕ್ಕೆ ಬರುವ ಆದಾಯ ವರ್ಷಕ್ಕೆ ನೂರು ಕೋಟಿಗೂ ಮೀರಿ. ಮುಡಿ ಕೊಟ್ಟವಳಿಗೆ ಪುಣ್ಯ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಹಣ ಅವಳಿಗೆ ಸಿಗಲಿಲ್ಲ.

2004ರಲ್ಲಿ ಈ ಕೂದಲಿನ ಬಗ್ಗೆ ಒಂದು ದೊಡ್ಡ ಧರ್ಮಜಿಜ್ಞಾಸೆ ನಡೆಯಿತು. ಯಹೂದಿಗಳಲ್ಲಿ ಕಟ್ಟುನಿಟ್ಟಿನ ಪಂಥದ ಅನೇಕ ವಿವಾಹಿತ ಹೆಂಗಸರು ಸ್ವಂತ ಕೂದಲು ಕಾಣದಂತೆ ಟೋಪನ್ನು ಹಾಕುತ್ತಾರೆ. ಭಾರತದ ದೇವಸ್ಥಾನದ ಮುಡಿ ವಿಗ್ರಹಾರಾಧನೆಗೆ ಸೇರಿದ್ದು, ಅದನ್ನು ಧರಿಸಕೂಡದು ಎಂದು ಅವರ ಹಿರಿಯ ಧರ್ಮಗುರುಗಳು ತೀರ್ಪು ಕೊಟ್ಟರು. ಇಸ್ರೇಲಿನಲ್ಲೂ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲೂ ಬೆಲೆಬಾಳುವ ಟೋಪನ್ನುಗಳನ್ನು ಬೀದಿಯಲ್ಲಿ ಸುಟ್ಟರು. ಅವರ ನಂಬಿಕೆ ಅವರದು. ತಲೆಯ ಮೇಲಿನ ವಸ್ತು ಎಲ್ಲಿಂದ ಬಂತೆಂದು ಕೇಳಬೇಕೆನ್ನುವ ಅವರ ಎಚ್ಚರವನ್ನು ನಾವು ಮೆಚ್ಚುತ್ತೇವೆ. ಆದರೆ ಆ ಎಚ್ಚರ ಕೇಳಿದ್ದು ಈ ಕೂದಲು ಯಾವ ದೇವರಿಗೆ ಸಂದಿತ್ತು ಎಂದು. ಇದನ್ನು ಬಿಡಿಸಿದ ಕೈಗೆ ಸಂದದ್ದೆಷ್ಟು ಎಂಬುದು ತೀರ್ಪಿನ ವಿಷಯವಾಗಲಿಲ್ಲ. ನಮ್ಮ ಸರಕಾರವೂ ಅಷ್ಟೇ. 2022ರ ಜನವರಿಯಲ್ಲಿ ಅದು ಹಸಿ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿದ್ದು ಕಳ್ಳಸಾಗಾಣಿಕೆ ತಡೆಯಲಿಕ್ಕೆ. ಅವ್ವನ ಕೆಮ್ಮು, ಬೆನ್ನು, ಕಣ್ಣು ಯಾವ ಅಧಿಸೂಚನೆಯಲ್ಲೂ ಇರಲಿಲ್ಲ. ಮನೆಯಲ್ಲಿ ಕೂತು ದುಡಿಯುವವಳು ಕಾರ್ಮಿಕಳೆಂದೇ ಲೆಕ್ಕಕ್ಕಿಲ್ಲ.

*

ನಾವು ಆ ಮನೆಗೆ ಹೋಗಿ ಬಂದ ಮರುತಿಂಗಳು, 2024ರ ಆಗಸ್ಟಿನಲ್ಲಿ, ಇದೇ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕ್ಷೌರಕ್ಕೆ ಹೋದ ದಲಿತ ಯುವಕ ಕತ್ತರಿಯ ಇರಿತಕ್ಕೆ ಸತ್ತ ಸುದ್ದಿ ಬಂತು. ಕೊಲೆ ಕೇಸು ದಾಖಲಾಯಿತು. 2020ರಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ, ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕನಿಗೇ ದಂಡ ಹಾಕಿ ಬಹಿಷ್ಕರಿಸಿದ ದೂರು ಬಂದಿತ್ತು. ಒಂದು ಕಡೆ ಕತ್ತರಿ ಹಿಡಿದವನು ಆರೋಪಿ, ಇನ್ನೊಂದು ಕಡೆ ಅವನೇ ಬಲಿ. ನಡುವೆ ನಿಂತು ಯಾರ ತಲೆ ಮುಟ್ಟಬೇಕು ಯಾರದು ಮುಟ್ಟಬಾರದು ಎಂದು ಗೆರೆ ಎಳೆದವನ ಕೈಗೆ ಕೂದಲೂ ಅಂಟುವುದಿಲ್ಲ, ರಕ್ತವೂ ಅಂಟುವುದಿಲ್ಲ.

ಉದುರಿದ ನಮ್ಮ ಕೂದಲಿಗೆ ಮೈಲಿಗೆಯಿಲ್ಲ. ಅದು ಎಲ್ಲರ ಕೂದಲ ಜೊತೆ ಒಂದೇ ಮೂಟೆಯಲ್ಲಿ ಸೇರುತ್ತದೆ, ಸಮುದ್ರ ದಾಟುತ್ತದೆ, ಯಾರದೋ ತಲೆಯ ಮೇಲೆ ಕೂರುತ್ತದೆ. ತಲೆಯ ಮೇಲೆ ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಜಾತಿ. ಇದನ್ನು ಕಂಡ ಮೇಲೂ ನಾವು ನಮ್ಮ ಗೆಳೆಯನ ಟೋಪನ್ನಿನ ಬಗ್ಗೆ ನಗುತ್ತ ಕೂತರೆ ನಮ್ಮ ಓದಿಗೆ ಏನರ್ಥ?

ಆದ್ದರಿಂದ ನಾವು ಕೆಲವು ಮಾತಿಗೆ ಬಂದಿದ್ದೇವೆ. ಯಾರಾದರೂ ತಲೆಯನ್ನು ಮುಚ್ಚಿದರೆ, ಬಣ್ಣ ಹಚ್ಚಿದರೆ, ಬೋಳಾಗಿ ಬಿಟ್ಟರೆ, ಅದು ಅವರ ತೀರ್ಮಾನ. ಹಂಗಿಸುವವರು ನಮ್ಮವರೇ ಆದರೂ ಅಲ್ಲೇ ತಡೆಯಬೇಕು. ಟೋಪನ್ನು ತೊಡುವವರಿಗೆ ನಾವು ಹೇಳುವುದು ಇಷ್ಟೆ: ಲೆಕ್ಕ ಇಡಿ, ಪೂರ್ತಿ ಇಡಿ. ಒಮ್ಮೆಯ ಬೆಲೆ ಹೇಳಿ ತಿಂಗಳ ಖರ್ಚು ಮುಚ್ಚಿಡುವ ಅಂಗಡಿಯವನನ್ನು ಹತ್ತು ವರ್ಷದ ಲೆಕ್ಕ ಕೇಳಿ. ನಿದ್ದೆಯನ್ನೂ ಈಜನ್ನೂ ಅದರಲ್ಲಿ ಬರೆಯಿರಿ. ಆಮೇಲೂ ಬೇಕೆನಿಸಿದರೆ ತೊಡಿ, ತಲೆ ತಗ್ಗಿಸಬೇಡಿ. ಶಾಲೆಯ ಮೇಷ್ಟ್ರುಗಳು ‘ಬೋಳ’ ‘ಬಕ್ಕ’ ಎಂಬ ಅಡ್ಡಹೆಸರುಗಳನ್ನು ಮಕ್ಕಳ ಬಾಯಲ್ಲಿ ಬೆಳೆಯಲು ಬಿಡಬಾರದು. ಅಲ್ಲಿಂದಲೇ ಈ ಕಂದಾಯದ ವಸೂಲಿ ಶುರುವಾಗುತ್ತದೆ. ಕೂದಲು ಬಿಡಿಸುವ ಹೆಂಗಸರಿಗೆ ಕನಿಷ್ಠ ಕೂಲಿ, ಧೂಳಿನಿಂದ ರಕ್ಷಣೆ, ಕಾರ್ಮಿಕರೆಂಬ ಗುರುತಿನ ಚೀಟಿ ಸಿಗುವವರೆಗೆ ನಮ್ಮ ಕೆಲಸ ಮುಗಿದಿಲ್ಲ. ಅವರ ಹೆಸರು, ಕೂಲಿ, ಕಾಯಿಲೆ ಬರೆದುಕೊಳ್ಳುವ ಕೆಲಸವನ್ನು ಅವ್ವನ ಓಣಿಯಿಂದ ಶುರು ಮಾಡಿದ್ದೇವೆ.

ಹೋದ ತಿಂಗಳ ಸಭೆಗೆ ಗೆಳೆಯ ಬಂದಿದ್ದ. ರಾತ್ರಿ ಉಳಿದ. ಪಕ್ಕದ ಕೋಣೆಯ ಚಿಲಕ ಸರಿಮಾಡಿಸಿ, ಒಂದು ಕನ್ನಡಿ, ಒಂದು ಬಕೆಟ್ಟು ನೀರು ಇಟ್ಟಿದ್ದೆವು. ಬೆಳಿಗ್ಗೆ ಅವನು ಹೊರಗೆ ಬಂದು ಚಹಾ ಕೇಳಿದ. ಓಣಿಯ ಲೆಕ್ಕ ಬರೆಯಲು ಎಲ್ಲರಿಗಿಂತ ಮೊದಲು ಹೊರಟವನು ಅವನೇ.